ಜರ್ಮನಿಗೆ ಹೋದ ಅಳು

ಜರ್ಮನಿಯಿಂದ ಬಂದ ಪತ್ರದಲ್ಲಿ ಕೇಳಿದ್ದು ಮೂರೇ ಸಂಗತಿ. ನಮ್ಮ ಹಾಡಿನಲ್ಲಿರುವ ಆ ಹೆಂಗಸಿನ ಧ್ವನಿ ಯಾರದು? ಆಕೆ ಇನ್ನೂ ಇದ್ದಾಳೆಯೇ? ಇದ್ದರೆ ಒಪ್ಪಿಗೆ ಬರೆದುಕೊಡುತ್ತಾಳೆಯೇ? ಅಣ್ಣಿಗೇರಿಯ ನನ್ನ ಕೋಣೆಯಲ್ಲಿ ಕುಳಿತು, ಕೈಯಲ್ಲಿದ್ದ ಚಹಾ ಆರುವುದರೊಳಗೆ ಉತ್ತರ ಬರೆದೆ. ಧ್ವನಿ ಗುಡಗೇರಿಯ ಹೆಂಗಸಿನದು, ಹುಡುಕುವುದು ಕಷ್ಟವಲ್ಲ, ಆಗ ಮನೆಯ ಹಿರಿಯರನ್ನು ಕೇಳಿಯೇ ರೆಕಾರ್ಡ್ ಮಾಡಿದ್ದೆ ಎಂದು. ಆ ಉತ್ತರದಲ್ಲಿ ಒಂದು ಮಾತೂ ನಿಜವಾಗಿರಲಿಲ್ಲ. ಅದು ನನಗೆ ತಿಳಿಯಲು ಐದು ವಾರ ಬೇಕಾಯಿತು.

ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿ ಸ್ವಚ್ಛ ಮಾಡಿಕೊಡುವುದು ಈಗ ನನ್ನ ಕೆಲಸ. ಮೂವತ್ತು ವರ್ಷಗಳ ಹಿಂದೆ ಧಾರವಾಡದಲ್ಲಿ ಜಾನಪದ ಓದುವಾಗ ಸಾವಿನ ಮನೆಗಳಲ್ಲಿ ಹೆಂಗಸರು ಹಾಡ್ಯಾಡಿ ಅಳುವುದರ ಮೇಲೆ ಪ್ರಬಂಧ ಬರೆಯುತ್ತಿದ್ದೆ. ಸತ್ತವನ ಹೆಸರು ಹಿಡಿದು, ಅವನ ಅಂಗಿ, ಎತ್ತು, ನಡಿಗೆ, ಊಟ ಎಲ್ಲವನ್ನೂ ಒಂದೊಂದಾಗಿ ಕರೆದು ಅಳುವ ಪದ್ಧತಿ ಅದು. ಅದು ದುಃಖವಲ್ಲ, ಸಿದ್ಧ ಸಾಲುಗಳ ಜೋಡಣೆ ಎಂಬುದು ನನ್ನ ವಾದವಾಗಿತ್ತು. ಆಗ ವಿಶ್ವವಿದ್ಯಾಲಯಕ್ಕೆ ಬಂದಿದ್ದ ಒಬ್ಬ ಜರ್ಮನ್ ವಿದ್ಯಾರ್ಥಿಗೆ ಒಂದು ಕ್ಯಾಸೆಟ್ ಕೊಟ್ಟೆ. ಅವನು ಊರಿಗೆ ಹೋಗಿ ತನ್ನ ಗೆಳೆಯರಿಗೆ ಕೊಟ್ಟ. ಆ ಗೆಳೆಯರದೇ ಈ ಪತ್ರ ಬರೆದ ಸಂಗೀತ ತಂಡ: ಒಬ್ಬ ಹಾಡುಗಾರ್ತಿ, ಒಬ್ಬ ಯಂತ್ರಗಳವನು.

ಅವರ ಇಡೀ ದುಡಿಮೆಯನ್ನು ಒಂದೇ ಪೆಟ್ಟಿಗೆಯಲ್ಲಿ ಮತ್ತೆ ಹೊರತರುವ ಯೋಜನೆಯಿತ್ತು. ಜೊತೆಗಿಡುವ ಪುಸ್ತಿಕೆಗೆ ಆ ಹಾಡಿನ ಟಿಪ್ಪಣಿಯನ್ನೂ ನಾನೇ ಬರೆಯಬೇಕಿತ್ತು. ಅದಕ್ಕಾಗಿ ಹಾಡುಗಾರ್ತಿ ವಾರಕ್ಕೆರಡು ಸಲ ವಿಡಿಯೋದಲ್ಲಿ ಬಂದು ತಮ್ಮ ಕತೆ ಹೇಳುತ್ತಿದ್ದಳು. ಕಲ್ಲಿದ್ದಲಿನ ಗಣಿಗಳು ಒಂದೊಂದಾಗಿ ಮುಚ್ಚುತ್ತಿದ್ದ ಊರು. ಬಿಯರ್ ತಯಾರಿಸುತ್ತಿದ್ದ ಹಳೆಯ ಕಟ್ಟಡದ ನೆಲಮಾಳಿಗೆಯಲ್ಲಿ ಒಂದು ಡ್ರಮ್ ಯಂತ್ರ, ಎರಡು ಕೀ ಸತ್ತುಹೋದ ಒಂದು ಸಿಂಥಸೈಜರ್. ಗೋಡೆಯ ತೇವಕ್ಕೆ ಆ ಯಂತ್ರದ ಶ್ರುತಿ ತಾನಾಗಿ ಇಳಿಯುತ್ತಿತ್ತಂತೆ. ಅವಳು ಆ ಇಳಿದ ಶ್ರುತಿಗೇ ಹಾಡಲು ಕಲಿತಳು. ಮುಖಕ್ಕೆ ಬಿಳಿ ಬಣ್ಣ, ಮೈಗೆ ಕರಿ ಬಟ್ಟೆ. ಮೊದಲ ಕ್ಯಾಸೆಟ್ಟನ್ನು ಯಾರೂ ಕೇಳಲಿಲ್ಲ. ಎರಡನೆಯದರಲ್ಲಿ ನಮ್ಮ ಕಡೆಯ ಈ ಅಳು ಬಂತು. ಪೂಜೆ ನಿಂತುಹೋದ ಚರ್ಚುಗಳಲ್ಲಿ, ಬಾಗಿಲು ಹಾಕಿದ ಕಾರ್ಖಾನೆಗಳಲ್ಲಿ ಕರಿ ಬಟ್ಟೆಯ ಹುಡುಗ ಹುಡುಗಿಯರು ತುಂಬತೊಡಗಿದರು. ಆಮೇಲೆ ದೊಡ್ಡ ಕಂಪನಿ ಬಂತು, ಕುಣಿಯುವಂಥ ಹಾಡು ಮಾಡಿ ಎಂದಿತು, ಜಗಳವಾಯಿತು, ತಂಡ ಒಡೆಯಿತು. ಅವಳು ಮಕ್ಕಳಿಗೆ ಪಿಯಾನೋ ಕಲಿಸಿದಳು, ಅವನು ಸಿನಿಮಾಗಳಿಗೆ ಸದ್ದು ಮಾಡಿದ. ಹನ್ನೊಂದು ವರ್ಷಗಳ ನಂತರ ಮತ್ತೆ ಕೂಡಿದರು. ಕೂಡಿದ ಮೇಲೂ ಜನ ಕೇಳಿದ್ದು ಆ ಒಂದೇ ಹಾಡು. ಆ ಹಾಡು ಬಂದಾಗ ಎಲ್ಲ ದೀಪ ಆರಿಸಿ ಇಬ್ಬರೂ ಸುಮ್ಮನೆ ನಿಲ್ಲುತ್ತಿದ್ದರು. ಹಾಡುವವಳು ಆ ಹೆಂಗಸೊಬ್ಬಳೇ.

"ಆಕೆಯ ಒಪ್ಪಿಗೆ ಇಲ್ಲದಿದ್ದರೆ ಆ ಹಾಡು ತೆಗೆಯಬೇಕು ಎನ್ನುತ್ತಾರೆ ವಕೀಲರು. ಅದಿಲ್ಲದ ಪೆಟ್ಟಿಗೆ ನನಗೆ ಬೇಡ," ಎಂದಳು ಹಾಡುಗಾರ್ತಿ.

ಕ್ಯಾಸೆಟ್ಟಿನ ಎರಡೂ ಬದಿಗಳನ್ನು ಡಿಜಿಟಲ್ ಮಾಡಿ ಕಳಿಸಿದ್ದರು. ನನ್ನ ನೆನಪಿನಲ್ಲಿದ್ದದ್ದು ಒಂದೇ ಅಳು. ಪಡಸಾಲೆಯ ಮೂಲೆಯಲ್ಲಿ ಗೋಡೆಗೆ ಒರಗಿ, ಯಾರಿಗೂ ಅಡ್ಡವಾಗದೆ, ಬಾಯಿ ಬಿಡದೆ ರೆಕಾರ್ಡ್ ಮಾಡಿದ್ದೆ. ನಮ್ಮ ಗುರುಗಳು ಕಲಿಸಿದಂತೆ ಮೊದಲು ಊರಿನ ಹೆಸರು ಹೇಳಿ, ಒಂದೇ ಸ್ವರದ ಶ್ರುತಿ ಪೀಪಿ ಊದುತ್ತಿದ್ದೆ, ಮುಗಿದಾಗ ಮತ್ತೊಮ್ಮೆ. ಮುಂದೆಂದಾದರೂ ಟೇಪಿನ ವೇಗ ತಪ್ಪಿದರೆ ಪೀಪಿಯ ಸ್ವರ ನೋಡಿ ತಿದ್ದಿಕೊಳ್ಳಲು ಅದು ಉಪಾಯ. ಆದರೆ ಊರಿನ ಹೆಸರು ಹೇಳಿದ ಜಾಗದ ಮೇಲೆ ಯಂತ್ರಗಳವನು ತನ್ನ ಡ್ರಮ್ ಪರೀಕ್ಷೆ ಮಾಡಿ ಅದನ್ನು ಅಳಿಸಿಬಿಟ್ಟಿದ್ದ. ನನ್ನ ಟಿಪ್ಪಣಿ ಪುಸ್ತಕವನ್ನು ಗೆದ್ದಲು ತಿಂದು ಎಷ್ಟೋ ವರ್ಷವಾಗಿತ್ತು.

ಡ್ರಮ್ ನಿಂತ ಮೇಲೆ ಅಳು ಕೇಳಿಸಿತು. "ನನ್ನ ರಾಯಾ" ಎಂದು ಗಂಡನನ್ನು ಕರೆದು ಅಳುವ ಹೆಂಗಸು. ಅವಳ ಧ್ವನಿಯ ಮೇಲೆಲ್ಲ ಭಜನೆ ಹರಡಿಕೊಂಡಿತ್ತು. ಭಜನೆ ಮೆಲ್ಲಗೆ ದೂರ ಸಾಗಿತು. ಹೆಣ ಎತ್ತಿಕೊಂಡು ಹೋದರು ಎಂದರ್ಥ. ಮನೆ ನಿಶ್ಶಬ್ದವಾಯಿತು. ಆಗ ಮೈಕಿನ ತೀರ ಹತ್ತಿರ ಒಬ್ಬ ಹುಡುಗ, ಉತ್ಸಾಹದಲ್ಲಿ, ಹೇಳಿದ:

"ಅಕ್ಕಾರ, ಇನ್ನೊಮ್ಮೆ ಅಳ್ತೀರೇನ್ರಿ? ಭಜನಿ ಗದ್ದಲದಾಗ ಸರಿ ಬಂದಿಲ್ಲ. ಈಗ ಅಗದಿ ಶಾಂತ ಐತ್ರಿ."

ನನ್ನ ಧ್ವನಿ.

"ಹೆಣ ಹೋತಲ್ಲೋ ತಮ್ಮಾ," ಎಂದಳು ಆಕೆ.

"ಒಂದ ಸಲರೀ. ಒಂದ."

ಆಮೇಲೆ ಪೀಪಿ. ಆಮೇಲೆ ಎರಡನೆಯ ಅಳು.

ನಾನು ಹೆಡ್‌ಫೋನ್ ತೆಗೆದು ಅಂಗಳಕ್ಕೆ ಹೋಗಿ ನಿಂತೆ. ಇದು ಬೇರೆ ಯಾರದೋ ಟೇಪ್ ಇರಬಹುದು ಎಂದುಕೊಂಡೆ. ಧ್ವನಿಗಳು ಒಂದನ್ನೊಂದು ಹೋಲುತ್ತವೆ ಎಂದುಕೊಂಡೆ. ಒಳಗೆ ಹೋಗಿ ಮತ್ತೆ ಕೇಳಿದೆ. "ಅಗದಿ ಶಾಂತ ಐತ್ರಿ." ಸಂಶಯಕ್ಕೆ ಜಾಗವಿರಲಿಲ್ಲ.

ಎರಡನೆಯ ಅಳುವಿನ ಮಾತು ತಿಳಿಯುತ್ತಿರಲಿಲ್ಲ. ನನ್ನ ರೆಕಾರ್ಡರಿನ ಸೆಲ್ಲುಗಳು ಅಷ್ಟು ಹೊತ್ತಿಗೆ ತೀರುತ್ತ ಬಂದಿದ್ದವು. ಸೆಲ್ ತೀರಿದರೆ ಟೇಪ್ ನಿಧಾನವಾಗಿ ಓಡುತ್ತದೆ. ಆಮೇಲೆ ಸರಿಯಾದ ವೇಗದಲ್ಲಿ ಹಾಕಿದಾಗ ಧ್ವನಿ ಕಿರಿದಾಗಿ, ಅವಸರವಾಗಿ ಕೇಳುತ್ತದೆ. ಕೊನೆಯ ಹೊತ್ತಿಗಂತೂ ಅದು ಗುಬ್ಬಿಯ ಕೂಗಿನಂತಾಗಿತ್ತು. ಆಗ ನೆನಪಾಯಿತು: ಒಂದು ಅಳುವನ್ನು ಭಜನೆ ನುಂಗಿತ್ತು, ಇನ್ನೊಂದು ಸೆಲ್ಲಿನಿಂದ ಕೆಟ್ಟಿತ್ತು. ಪ್ರಬಂಧಕ್ಕೆ ಬರುವುದಿಲ್ಲವೆಂದೇ ಆ ಕ್ಯಾಸೆಟ್ಟನ್ನು ಆ ಜರ್ಮನ್ ವಿದ್ಯಾರ್ಥಿಗೆ ಕೊಟ್ಟಿದ್ದೆ. ಇಷ್ಟು ವರ್ಷ ಎಲ್ಲರಿಗೂ ಹೇಳುತ್ತ ಬಂದದ್ದು ನನ್ನ ಅತ್ಯುತ್ತಮ ರೆಕಾರ್ಡಿಂಗನ್ನೇ ದಾನ ಮಾಡಿದೆ ಎಂದು. ತಂಡದವರು ಅದನ್ನು ಅರ್ಧಕ್ಕಿಂತ ಕಡಿಮೆ ವೇಗಕ್ಕೆ ಎಳೆದು, ಪ್ರತಿಧ್ವನಿ ಸೇರಿಸಿ, ಬಾವಿಯೊಳಗಿನಿಂದ ಬಂದಂತೆ ಮಾಡಿದ್ದರು. ಹಾಡಿನಲ್ಲಿದ್ದದ್ದು ಈ ಎರಡನೆಯದೇ.

ಮರುದಿನ ಗುಡಗೇರಿಗೆ ಹೋದೆ. ಸ್ಟೇಶನ್ನಿನ ಬಾಜು ಹಿಟ್ಟಿನ ಗಿರಣಿ ನಡೆಸಿ ಈಗ ಮಗನಿಗೆ ಬಿಟ್ಟುಕೊಟ್ಟ ಹಿರಿಯರೊಬ್ಬರಿದ್ದರು. ಸುತ್ತಲ ಊರುಗಳ ಭಜನೆಗೆಲ್ಲ ಹೋದವರು, ಎಲ್ಲರಿಗೂ ಕಾಕಾ. ಮೊದಲ ಅಳುವಿನ ಭಾಗವನ್ನು ಮೊಬೈಲಿನಲ್ಲಿ ಕೇಳಿಸಿದೆ.

"ಮೂವತ್ತು ವರ್ಸದ ಹಿಂದಿನ ಅಳೂ ಹಿಡಕೊಂಡು ತಿರಗಾಕ ಹತ್ತೀರಿ? ಈಗಿನ ಅಳೂ ಕೇಳಾಕ ಮಂದಿ ಸಿಗವಲ್ರು," ಎಂದರು ಕಾಕಾ. "ಇದು ನಮ್ಮೂರಿಂದು ಅಂತ ಯಾರ್ ಹೇಳಿದ್ರು?"

"ನನಗ ನೆನಪೈತ್ರಿ ಕಾಕಾ."

"ಬರಕೊಂಡೀರಿಲ್ಲೋ?"

"ಬರದಿಟ್ಟಿದ್ದೆ. ಗೆದ್ದಲ ತಿಂತ್ರಿ."

"ಹಂಗಾರ ಗೆದ್ದಲಕ್ಕ ಕೇಳ್ಬೇಕಿತ್ತು, ನನ್ನ ಕಡೆ ಯಾಕ ಬಂದ್ರಿ?" ನಕ್ಕರು. ಆಮೇಲೆ ಕಣ್ಣು ಮುಚ್ಚಿ ಕೇಳಿದರು. ಬೆರಳು ತೊಡೆಯ ಮೇಲೆ ಆಡುತ್ತಿತ್ತು. "ಈ ದಮ್ಮಡಿ ಕೇಳ್ರಿ. ಒಂದು ಪೆಟ್ಟು ನೆಟ್ಟಗ ಬೀಳ್ತೈತಿ, ಒಂದು ಎಳಕೊಂಡು ಬೀಳ್ತೈತಿ. ಬಾರಸಾವ ಕುಂಟ ಇದ್ದ. ಹೆಣದ ಮುಂದ ನಡಕೋತ ಬಾರಸೂದಲ್ರಿ, ಅವನ ಹೆಜ್ಜಿ ಹಂಗ ಬೀಳ್ತಿತ್ತು. ಉಳಿದಾವ್ರೆಲ್ಲ ಅವನ ಹೆಜ್ಜಿಗೇ ಹೊಂದಕೊಂಡು ತಾಳ ಹಾಕ್ತಿದ್ರು. ಶಲವಡಿ ಭಜನಿ ಇದು. ಅಂವ ಹೋಗಿ ಭಾಳ ವರ್ಸಾತು."

ಶಲವಡಿ. ನಾನಿರುವ ಅಣ್ಣಿಗೇರಿಗೆ ಅಷ್ಟು ಹತ್ತಿರದ ಊರು. ಈ ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ಅಲ್ಲಿಗೆ ಹೋಗಿರಲಿಲ್ಲ ಎಂಬುದು ಗಿರಣಿಯ ಕಟ್ಟೆಯ ಮೇಲೆ ಕುಳಿತಾಗಲೇ ಹೊಳೆದದ್ದು. ಅಲ್ಲಿನ ಮದುವೆಗಳಿಗೆ ಕರೆ ಬಂದಿತ್ತು. ಪ್ರತಿ ಸಲವೂ ಏನೋ ಒಂದು ಕೆಲಸ ಅಡ್ಡ ಬಂದಿತ್ತು. ನಾನು ಮರೆತದ್ದನ್ನು ನನ್ನ ಕಾಲು ಮರೆತಿರಲಿಲ್ಲವೋ ಏನೋ.

ಹೋಗುವ ಮೊದಲು ಎರಡನೆಯ ಅಳುವನ್ನು ತಿದ್ದಿಕೊಳ್ಳೋಣ ಎಂದು ಕುಳಿತೆ. ಶುರುವಿನ ಪೀಪಿಯ ಸ್ವರ ತುಸು ಏರಿತ್ತು. ಕೊನೆಯದು ಬಹಳ ಏರಿತ್ತು. ಅದೇ ಪೀಪಿ ನನ್ನ ಪೆಟ್ಟಿಗೆಯಲ್ಲಿ ಇನ್ನೂ ಇತ್ತು. ಊದಿ, ಅಳೆದು, ಈ ತುದಿಯಿಂದ ಆ ತುದಿಗೆ ವೇಗವನ್ನು ಕ್ರಮವಾಗಿ ತಗ್ಗಿಸುತ್ತ ಬಂದೆ. ಸೆಲ್ಲುಗಳು ಒಂದೇ ಸಮನಾಗಿ ತೀರುವುದಿಲ್ಲವಾದ್ದರಿಂದ ನಡುವೆ ಎರಡು ಕಡೆ ಕೈಯಿಂದ ತಿದ್ದಬೇಕಾಯಿತು. ಮೂರನೆಯ ಪ್ರಯತ್ನಕ್ಕೆ, ಮಧ್ಯಾಹ್ನದ ಊಟದ ಹೊತ್ತಿಗೆ, ಒಬ್ಬ ಹೆಂಗಸು ಸಹಜವಾದ ಧ್ವನಿಯಲ್ಲಿ ಅಳತೊಡಗಿದಳು.

"ನನ್ನ ರಾಯಾ" ಎಂಬ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ.

"ಹೆಗಲಿಗೆ ಪೆಟ್ಟಿಗಿ ಹಾಕ್ಕೊಂಡು ಬಂದ್ಯೋ ತಮ್ಮಾ... ಕಣ್ಣಿಗೆ ಕನ್ನಡಕ ಹಾಕ್ಕೊಂಡು ಬಂದ್ಯೋ... ಎರಿ ಮಣ್ಣಿನ ಬೂಟು ಹೊರಗ ಬಿಟ್ಟು ಬಂದ್ಯೋ ತಮ್ಮಾ... ಬೂಟು ಬಾಗಲದಾಗ ಅದಾವೋ, ನೀ ಎತ್ತಾಗ ಹೋದ್ಯೋ... ಹಡದಾಕಿ ದಾರಿ ನೋಡ್ತಾಳೋ ತಮ್ಮಾ, ಬೂಟು ಯಾರ್ ಮೆಟ್ಟಲ್ಯೋ..."

ಎಂಟು ನಿಮಿಷ. ನನ್ನ ಅಂಗಿಯ ಬಣ್ಣ, ನನ್ನ ಸಣ್ಣ ಮೀಸೆ, ನಾನು ಪೀಪಿ ಊದಿದ ಬಾಯಿ, ಎಲ್ಲವನ್ನೂ ಒಂದೊಂದಾಗಿ ಎತ್ತಿ ಸತ್ತವನ ಸಾಮಾನಿನಂತೆ ಕೆಳಗಿಡುತ್ತಿದ್ದಳು. ನಾನು ಆಗ ಎದುರಿಗೇ ಕುಳಿತಿದ್ದೆ. ಆ ಮಾತುಗಳನ್ನು ಕೇಳಿಯೇ ಇರಬೇಕು. ಒಂದೂ ನೆನಪಿಲ್ಲ. ಬಹುಶಃ ಆಗ ರೆಕಾರ್ಡರಿನ ಸೂಜಿಯ ಏರಿಳಿತ ನೋಡುತ್ತಿದ್ದೆ.

ಬದುಕಿದ್ದವನ ಮೇಲೆ ಹಾಡ್ಯಾಡಿ ಅತ್ತರೆ ಅವನಿಗೆ ಸಾವು ಬರುತ್ತದೆ ಎನ್ನುತ್ತಾರೆ. ನಾನು ಇಂಥವನ್ನು ನಂಬುವವನಲ್ಲ. ಆದರೂ ಆ ವಾರ ನಾನು ಮಾಡಿದ್ದನ್ನು ಬರೆಯುತ್ತೇನೆ. ಬೈಕಿನಲ್ಲಿ ಊರೊಳಗೂ ಹೆಲ್ಮೆಟ್ ಹಾಕಿದೆ. ಎರಡು ಸಲ ರಕ್ತದೊತ್ತಡ ನೋಡಿಸಿದೆ. ಬಾಗಿಲ ಹೊರಗೆ ಚಪ್ಪಲಿ ಬಿಡುವುದನ್ನು ನಿಲ್ಲಿಸಿ ಒಳಗೆ ತಂದಿಟ್ಟೆ. ಹೆಂಡತಿ ಯಾಕೆಂದು ಕೇಳಿದಾಗ ನಾಯಿ ಒಯ್ಯುತ್ತದೆ ಎಂದೆ. ಅಳುವಿಗೆ ಶಕ್ತಿ ಇದ್ದಿದ್ದರೆ ಎಂದೋ ಸಾಯುತ್ತಿದ್ದೆ ಎಂದು ತರ್ಕ ಮಾಡಿದೆ. ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು: ಅವರು ಅದನ್ನು ನಿಧಾನ ಮಾಡಿದ್ದಾರೆ, ಬರುವುದೂ ನಿಧಾನವಾಗಿಯೇ ಬರುತ್ತಿರಬಹುದು. ದೀಪ ಆರಿಸಿದ ಚರ್ಚುಗಳಲ್ಲಿ ಸಾವಿರಾರು ಜನ ನಿಂತು, ಮೂವತ್ತು ವರ್ಷ, ನನ್ನ ಸಾವನ್ನು ಕೇಳಿದ್ದರು.

'ಧ್ವನಿಯ ಒಡತಿ ಪತ್ತೆಯಾಗಲಿಲ್ಲ' ಎಂದು ಪತ್ರ ಬರೆದಿಟ್ಟೆ. ಕಳಿಸುವ ಮೊದಲು ಹಾಡುಗಾರ್ತಿಯ ಕರೆ ಬಂತು.

"ಒಂದು ಪ್ರಶ್ನೆ ಕೇಳಬೇಕಿತ್ತು," ಎಂದಳು. "ಆಕೆ ಯಾರಿಗಾಗಿ ಅಳುತ್ತಿದ್ದಾಳೆ? ತಂಡದ ನನ್ನ ಜೊತೆಗಾರ ಹೋದ ಚಳಿಗಾಲದಲ್ಲಿ ತೀರಿಕೊಂಡ. ಹೂಳುವಾಗ ಆ ಹಾಡು ಹಾಕಬೇಕೆಂದು ಕೇಳಿಕೊಂಡಿದ್ದ. ಹಾಕಿದೆವು. ಅಂದಿನಿಂದ ನನಗೆ ಅದೇ ಯೋಚನೆ."

"ಮಾತು ಸ್ಪಷ್ಟವಿಲ್ಲ," ಎಂದೆ.

ಕರೆ ಮುಗಿದ ಮೇಲೆ ನನಗಾದದ್ದು ಸಮಾಧಾನ. ಆ ಅಳುವಿಗೆ ಕೊನೆಗೂ ಒಂದು ಹೆಣ ಸಿಕ್ಕಿತು, ನಾನು ಉಳಿದೆ ಎಂಬ ಸಮಾಧಾನ. ನನಗೆ ಪರಿಚಯವೇ ಇಲ್ಲದ, ನನ್ನ ಕೆಟ್ಟ ಕ್ಯಾಸೆಟ್ಟಿನಿಂದ ಬದುಕು ಕಟ್ಟಿಕೊಂಡ ಒಬ್ಬ ಮನುಷ್ಯನ ಸಾವು. ಅದಕ್ಕೆ ನಾನು ಹೀಗೆ ಉಸಿರು ಬಿಟ್ಟೆನಲ್ಲ ಎಂದು ನಾಚಿಕೆಯಾಯಿತು. ಬರೆದಿಟ್ಟ ಪತ್ರ ಅಳಿಸಿದೆ. ಬೈಕ್ ತೆಗೆದೆ.

ಶಲವಡಿಯಲ್ಲಿ ಕುಂಟ ದಮ್ಮಡಿಯವನ ಹೆಸರು ಹಿಡಿದು ಕೇಳುತ್ತ ಹೋದೆ. ಅವನ ಜೊತೆ ಭಜನೆ ಮಾಡುತ್ತಿದ್ದ ಒಬ್ಬರು ಮೊದಲ ಅಳು ಕೇಳಿ, ಧ್ವನಿ ಗುರುತಿಸಿ ಮನೆ ತೋರಿಸಿದರು. ಆಗ ಮೂವತ್ತೈದರ ಹೆಂಗಸು, ಈಗ ಮುದುಕಿ. ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ಹೆಸರುಕಾಳು ಕೇರುತ್ತಿದ್ದಳು. ಸೊಸೆ ನೀರು ತಂದಿಟ್ಟಳು. ಕುಡಿಯುವ ಧೈರ್ಯವಾಗಲಿಲ್ಲ.

"ಯಕ್ಕಾ, ನಾ ಭಾಳ ಹಿಂದ ಬಂದಿದ್ದೆ. ಧಾರವಾಡದಾಗ ಕಲೀತಿದ್ದೆ. ನಿಮ್ಮ ಯಜಮಾನ್ರು ತೀರಿಕೊಂಡ ದಿನ, ಹೆಗಲಿಗೆ ಪೆಟ್ಟಿಗಿ..."

ಮೊರ ನಿಂತಿತು. ಆಕೆ ನನ್ನ ಮುಖ ನೋಡಲಿಲ್ಲ, ಕಾಲು ನೋಡಿದಳು. ಆಮೇಲೆ, "ಈಕಡೆ ಬಾ. ಕೈ ಕೊಡು," ಎಂದಳು.

ಕೊಟ್ಟೆ. ಮಣಿಕಟ್ಟು ಗಟ್ಟಿಯಾಗಿ ಹಿಡಿದಳು.

"ಬೆಚ್ಚಗ ಐತಿ," ಎಂದಳು ಸೊಸೆಗೆ. ಆಮೇಲೆ ನನಗೆ, ಸಿಟ್ಟಿನಿಂದ: "ಬದಕೀಯೇನೋ ನೀ! ಬದಕಿದಾವ ಒಮ್ಮೆರ ಬಂದು ಮಾರಿ ತೋರಸಾಕ ಏನ್ ಧಾಡಿ ಆಗಿತ್ತೋ ನಿನಗ?"

"ತಪ್ಪಾತು ಯಕ್ಕಾ. ಮನಿ ಹಿರ್ಯಾರನ್ನ ಕೇಳಿದ್ದೆ ಅಂತ ನನ್ನ ನೆನಪು..." ಎಂದೆ.

"ಯಾರನ್ನ ಕೇಳಿದ್ದಿ? ಈ ಮನಿ ಹಿರ್ಯಾ ಅಂದ್ರ ಪಡಸಾಲ್ಯಾಗ ಹಾರ ಹಾಕಿ ಕುಂದರ್ಸಿದ್ರಲ್ಲ, ಅಂವನ. ಅಂವ ಹೂಂ ಅಂದ್ನೇನು?"

ಸೊಸೆ ಸೆರಗು ಬಾಯಿಗೆ ಹಿಡಿದಳು. ಮುದುಕಿ ನಗಲಿಲ್ಲ.

"ಹೆಣ ಎತ್ತಿದ ಮ್ಯಾಲೆ ಆ ಹೆಸರು ಹಿಡದು ಅಳಬಾರದು ನಮ್ಮಲ್ಲಿ. ಮಣ್ಣಿಗೆ ಹೋಗಾವ ದಾರ್ಯಾಗ ಹಿಂದಕ್ಕ ತಿರಗ್ತಾನ. ನೀ ಬಿಡವಲ್ಲಿ. ಇನ್ನೊಮ್ಮೆ, ಇನ್ನೊಮ್ಮೆ ಅಂದಿ. ಎದುರಿಗೆ ಯಾರಿದ್ರು? ನೀ ಇದ್ದಿ. ಸಿಟ್ಟು ಬಂದಿತ್ತು, ನಿನ್ನ ಮ್ಯಾಲೇ ಹಾಡಿದೆ. ನೀ ಹೋಗೂ ಮುಂದ ಬಸ್ಸು ಹಿಡ್ಯಾಕ ಓಡಿಕೋತ ಹೋದಿ. ಬರಿಗಾಲಾಗ."

"ಬೂಟು?"

"ಇಲ್ಲೇ ಬಿಟ್ಟು ಹೋದಿ."

ಆಕೆ ನನ್ನ ಕೈ ಇನ್ನೂ ಬಿಟ್ಟಿರಲಿಲ್ಲ.

"ಎರಡು ವರ್ಸ ಇಟ್ಟಿದ್ದೆ ಅವನ್ನ. ಕಂಡಕ್ಟರನ್ನ ಕೇಳಿದೆ, ಸಾಲಿ ಮಾಸ್ತರನ್ನ ಕೇಳಿದೆ, ಪೆಟ್ಟಿಗಿ ಹುಡುಗ ಎಲ್ಲಿ ಅದಾನ ಅಂತ. ಯಾರಿಗೂ ಗೊತ್ತಿಲ್ಲ. ನಾನ ಕೊಂದೆ ಅಂತ ತಿಳಕೊಂಡೆ. ಓಣ್ಯಾಗ ಯಾರ ಸತ್ರೂ ಮೊದಲ ನನ್ನ ಕರೀತಿದ್ರು, ನಾ ಹಾಡ್ಯಾಡಿ ಅತ್ರ ಕಲ್ಲೂ ಅಳ್ತಿತ್ತು. ಅವತ್ತಿಗೆ ಬಿಟ್ಟೆ. ನನ್ನ ಹಡದವ್ವ ಸತ್ತಾಗೂ ಬಾಯಿ ಮುಚಗೊಂಡು ಕುಂತೆ. ಮಗಳ ಕಣ್ಣಾಗ ನೀರಿಲ್ಲ ಅಂದ್ರು ಮಂದಿ."

ಒಂದು ವಾರ ನಾನು ಹೆದರಿದ್ದೆ. ಆಕೆ ಮೂವತ್ತು ವರ್ಷ ಹೆದರಿದ್ದಳು. ಒಂದು ಸಲ ಬಸ್ ಹತ್ತಿ ಬಂದಿದ್ದರೆ ತೀರುತ್ತಿತ್ತು.

ಬಂದ ಕೆಲಸ ಹೇಳಿದೆ. ತಂಡದ ಹಳೆಯ ಫೋಟೋ ತೋರಿಸಿದೆ. ಮೊಬೈಲನ್ನು ಕಣ್ಣ ಹತ್ತಿರ ಹಿಡಿದು, "ಮಾರಿ ತುಂಬ ಈಬತ್ತಿ ಬಳಕೊಂಡಾರಲ್ಲ, ಇವರೂ ನಮ್ಮ ಮಂದೀನೇನು?" ಎಂದಳು. ವಿಭೂತಿಯಲ್ಲ, ಅದು ಬಣ್ಣ ಎಂದೆ. ಗಂಡಸು ಹೋದ ಚಳಿಗಾಲದಲ್ಲಿ ತೀರಿಕೊಂಡ, ಅವನನ್ನು ಹೂಳುವಾಗ ನಿಮ್ಮ ಅಳು ಹಾಕಿದ್ದರು ಎಂದೂ ಹೇಳಿದೆ. ಸ್ವಲ್ಪ ಹೊತ್ತು ಅವನ ಮುಖ ನೋಡಿದಳು. "ಪಾಪ, ಅವಗ ಅಳಾಕ ಯಾರೂ ಇದ್ದಿಲ್ಲೇನೋ," ಎಂದಳು.

ಆಮೇಲೆ ತಾನೂ ಕೇಳುತ್ತೇನೆ ಎಂದಳು. ಯಾವುದು ಕೇಳಿಸಲಿ ಎಂದು ಹೆದರುತ್ತಲೇ ತಿದ್ದಿದ್ದನ್ನು ಹಾಕಿದೆ. ಎಂಟು ನಿಮಿಷವೂ ಒಂದು ಕೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡೇ ಕುಳಿತಳು, ನಾಡಿ ನೋಡುವ ವೈದ್ಯರಂತೆ. "ಹಡದಾಕಿ ದಾರಿ ನೋಡ್ತಾಳೋ" ಎಂಬಲ್ಲಿ ಆಕೆಯ ತುಟಿ ಅಲುಗಿತು. ಧ್ವನಿ ಬರಲಿಲ್ಲ.

"ಛಲೋ ಅಳ್ತಿದ್ದೆ," ಎಂದಳು ಮುಗಿದ ಮೇಲೆ. "ಇರಲಿ ಬಿಡು. ಯಾರ್ಯಾರ ಹೆಣದ ಮುಂದ ಹಾಕ್ಕೋತಾರೋ ಹಾಕ್ಕೊಳ್ಳಲಿ. ಸಹಿ ಮಾಡ್ತೀನಿ. ಆದ್ರ ಒಂದು ಮಾತು ಬರೀಬೇಕು ಅದರಾಗ."

"ಏನಂತ ಯಕ್ಕಾ?"

"ಆ ಹುಡುಗ ಬದಕ್ಯಾನ ಅಂತ."

ಪುಸ್ತಿಕೆಯ ಟಿಪ್ಪಣಿಯ ಕೊನೆಗೆ ಆ ಸಾಲು ಅಲ್ಲಿಯೇ ಬರೆದು ಓದಿ ಹೇಳಿದೆ: 'ಈ ಅಳು ಯಾರಿಗಾಗಿಯೋ ಆ ಮನುಷ್ಯ ಇದನ್ನು ಬರೆಯುವಾಗ ಜೀವಂತನಿದ್ದಾನೆ.' ಎರಡು ಸಲ ಓದಿಸಿದಳು. ಸಾಲಿ ಕಲಿತವರ ಮಾತು ಸುತ್ತಿಬಳಸಿ ಇರುತ್ತದೆ ಎಂದು ಬೈದು, ನಿಧಾನವಾಗಿ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು.

ಏಳುವಾಗ ಕೋಲು ಹಿಡಿದು ತಾನೂ ಬಾಗಿಲವರೆಗೆ ಬಂದಳು. ನಾನು ಅವಸರದಲ್ಲಿ ಒಂದು ಚಪ್ಪಲಿಗೆ ಕಾಲು ತೂರಿಸಿ ಬೈಕಿನತ್ತ ತಿರುಗಿದ್ದೆ.

"ನಿಲ್ಲಲೇ," ಎಂದಳು. "ಎರಡೂ ಮೆಟ್ಟು. ನಾ ನೋಡಬೇಕು."

ಎರಡೂ ಮೆಟ್ಟಿದೆ. ಓಣಿಯ ತಿರುವಿನಲ್ಲಿ ಹೊರಳಿ ನೋಡಿದಾಗಲೂ ಆಕೆ ಹೊಸ್ತಿಲಲ್ಲೇ ನಿಂತು ನನ್ನ ಕಾಲುಗಳನ್ನೇ ನೋಡುತ್ತಿದ್ದಳು.